ನೋಡಿದವರಿಲ್ಲದ ಶೌರ್ಯ

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವದ ನವದಿನ ಪ್ರಾರ್ಥನೆಗಳು ನಡೆಯುತ್ತಿದ್ದ ದಿನಗಳಲ್ಲಿ, ಒಂದು ಸಂಜೆ ನಾವು ಕಮಲಾಪುರದ ಮನೆಯೊಂದಕ್ಕೆ ಹೋಗಿದ್ದೆವು. ಕಲಬುರಗಿಯಿಂದ ಹುಮನಾಬಾದ್ ಮಾರ್ಗದಲ್ಲಿ ಸಾಗುವವರಿಗೆ ಕಮಲಾಪುರವೆಂದರೆ ಕೆಂಪು ಬಾಳೆಯ ಊರು. ಮಳೆ ಹಿಡಿದಿತ್ತು. ಹೊಲದಲ್ಲಿ ತೊಗರಿ ಮೊಣಕಾಲುದ್ದ ಬೆಳೆದು ನಿಂತಿತ್ತು. ಮನೆಯ ಹಿರಿಯರು ಸೈನ್ಯದಲ್ಲಿ ದುಡಿದು ನಿವೃತ್ತರಾದವರು, ವಯಸ್ಸು ಎಂಬತ್ತರ ಸಮೀಪ. ಜಪಮಾಲೆ ಮುಗಿದ ಮೇಲೆ ಅವರ ಮೊಮ್ಮಗ ಒಳಗಿನಿಂದ ಒಂದು ತಗಡಿನ ಡಬ್ಬಿಯನ್ನು ಹೊತ್ತು ತಂದು ನಮ್ಮ ಮುಂದೆ ಸುರಿದ.

ಅದರಲ್ಲಿ 1971ರ ಯುದ್ಧದ ಪಶ್ಚಿಮೀ ಸ್ಟಾರ್ ಇತ್ತು; ಸಂಗ್ರಾಮ್ ಮೆಡಲ್ ಇತ್ತು; ದೀರ್ಘ ಸೇವೆಯ ಒಂದೆರಡು ಪದಕಗಳಿದ್ದವು. ಬಣ್ಣದ ಪಟ್ಟಿಗಳು ಮಾಸಿದ್ದವು. ನಮ್ಮ ಸೈನ್ಯದ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ದರ್ಜೆ, ಹೆಸರು ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದು ಆ ಹುಡುಗ ಅಜ್ಜನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ. ಓದಿ ಮುಗಿಸಿ ಕೇಳಿದ:

"ಮುತ್ಯಾ, ನಿನಗ ಯಾಕ ಚಕ್ರ ಕೊಡ್ಲಿಲ್ಲ?"

ಹಿರಿಯರು ನಕ್ಕರು. ಅವನಿಗೆ ಉತ್ತರ ಕೊಡದೆ ನಮ್ಮ ಕಡೆ ತಿರುಗಿ, "ಇವು ಶೌರ್ಯಕ್ಕ ಕೊಟ್ಟವಲ್ರೀ. ಅಲ್ಲಿ ಇದ್ದಿದ್ದಕ್ಕ ಕೊಟ್ಟವ. ಶೌರ್ಯಕ್ಕ ಕೊಡಬೇಕಂದ್ರ ನೋಡಿದವ ಒಬ್ಬ ಉಳಿದಿರಬೇಕ್ರೀ" ಎಂದರು. ಅಷ್ಟು ಹೇಳಿ, ಯಾರನ್ನು ನೆನೆದರೋ ಏನೋ, ಬಹಳ ಹೊತ್ತು ಸುಮ್ಮನಿದ್ದರು. ನಾವೂ ಕೆದಕಲಿಲ್ಲ.

ಕಲಬುರಗಿಗೆ ಮರಳುವ ದಾರಿಯುದ್ದಕ್ಕೂ ಆ ಮಾತು ನಮ್ಮನ್ನು ಬಿಡಲಿಲ್ಲ. ನಮ್ಮ ನಾಡಿನವರೇ ಆದ ಒಬ್ಬ ಯೋಧರ ಕಥೆ ಆ ಒಂದು ವಾಕ್ಯದಲ್ಲಿ ಅಡಗಿದೆ ಎನ್ನಿಸಿತು. ಅವರು ತೀರಿಕೊಂಡದ್ದು ಮರಿಯಮ್ಮನವರ ಹಬ್ಬದ ಹಿಂದಿನ ದಿನ, 1965ರ ಸೆಪ್ಟೆಂಬರ್ 7ರಂದು. ಅವರಿಗೆ ಮಹಾವೀರ ಚಕ್ರ ದೊರೆತದ್ದು 1988ರಲ್ಲಿ. ನಡುವೆ ಇಪ್ಪತ್ತಮೂರು ವರ್ಷಗಳು.

ವಾಚಕರಲ್ಲಿ ಹಲವರಿಗೆ ಈ ಪದಕಗಳ ಶ್ರೇಣಿ ತಿಳಿದಿರಲಾರದು. ಗಣರಾಜ್ಯವಾದ ದಿನ, 1950ರ ಜನವರಿ 26ರಂದು, ನಮ್ಮ ಸರಕಾರ ಶತ್ರುವಿನೆದುರು ತೋರಿದ ಪರಾಕ್ರಮಕ್ಕಾಗಿ ಮೂರು ಪದಕಗಳನ್ನು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅವು ಜಾರಿಗೆ ಬಂದವೆಂದು ಸಾರಿತು: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಮಹಾವೀರ ಚಕ್ರ ಬೆಳ್ಳಿಯದು. ಅದರ ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ. ಸೇನಾ ಪದಕ ಬಂದದ್ದು ಆಮೇಲೆ, 1960ರಲ್ಲಿ. ಯುದ್ಧರಂಗದಲ್ಲಿದ್ದವರೆಲ್ಲರಿಗೂ ಸಲ್ಲುವ ಸ್ಟಾರ್, ಮೆಡಲ್‌ಗಳು ಬೇರೆ. ಚಕ್ರ ಸಿಗಬೇಕಾದರೆ ಇಂಥವನು ಇಂಥ ದಿನ ಇಂಥ ಜಾಗದಲ್ಲಿ ಇಂಥದ್ದನ್ನು ಮಾಡಿದನೆಂದು ಮೇಲಧಿಕಾರಿ ಬರೆದು ಕಳಿಸಬೇಕು. ಆ ಬರಹ ಒಂದೊಂದೇ ಮೆಟ್ಟಿಲು ಏರಿ ದಿಲ್ಲಿಯನ್ನು ಮುಟ್ಟಬೇಕು. ಕಂಡವರಿಲ್ಲದಿದ್ದರೆ ಬರೆಯುವುದೇನನ್ನು?

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು. ಅಜ್ಜಮಾಡ ಎಂಬುದು ಕೊಡವರ ಒಕ್ಕದ ಹೆಸರು. 1932ರಲ್ಲಿ ಹುಟ್ಟಿ, 1954ರಲ್ಲಿ ವಾಯುಪಡೆ ಸೇರಿದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಅವರು ತರುಣರಿಗೆ ವಿಮಾನ ಹಾರಿಸಲು ಕಲಿಸುವ ಶಿಕ್ಷಕರಾಗಿದ್ದರು. ಯುದ್ಧ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್‌ಗೆ ಕರೆತಂದಿತು. ಫ್ರಾನ್ಸ್ ದೇಶದಲ್ಲಿ ತಯಾರಾದ ಮಿಸ್ಟೇರ್ ವಿಮಾನಗಳು ಆ ಸ್ಕ್ವಾಡ್ರನ್‌ನಲ್ಲಿದ್ದವು.

ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ಒ. ಪಿ. ತನೇಜಾ ಅವರ ನಾಯಕತ್ವದಲ್ಲಿ ಮಿಸ್ಟೇರ್‌ಗಳ ತಂಡ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಿತು. ಸರ್ಗೋಧಾ ಆ ದೇಶದ ವಾಯುಪಡೆಯ ಎದೆಗೂಡು. ಶತ್ರುವಿನ ನೆಲದೊಳಗೆ ಬಹುದೂರ ಹೋಗಿ, ಬಾಂಬು ಹಾಕಿ, ಇದ್ದ ಇಂಧನದಲ್ಲಿ ಮರಳುವುದೇ ಲೆಕ್ಕಾಚಾರದ ಮಾತು. ದಾರಿಯಲ್ಲಿ ಕಾದಾಡಲು ನಿಂತರೆ ಮನೆ ಮುಟ್ಟಲು ಇಂಧನ ಉಳಿಯುವುದು ಕಷ್ಟ. ದೇವಯ್ಯನವರು ಆ ತಂಡದ ಮುಖ್ಯ ಪಟ್ಟಿಯಲ್ಲಿರಲಿಲ್ಲ. ಅವರದು ಮೀಸಲು ಸ್ಥಾನ. ಯಾರಾದರೂ ಹಿಂದುಳಿದರೆ ಹೋಗಬೇಕು, ಇಲ್ಲವಾದರೆ ಇಲ್ಲ. ಒಂದು ಸ್ಥಾನ ತೆರವಾಯಿತು, ಅವರು ಹೋದರು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತಮ್ಮ ಸ್ಟಾರ್‌ಫೈಟರ್ ವಿಮಾನದಲ್ಲಿ ಅಡ್ಡಬಂದರು. ಅಮೆರಿಕದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಯಂತ್ರ. ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಕುದುರೆ ಸವಾರನಿಗೆ ಎತ್ತಿನ ಬಂಡಿಯವನು ಎದುರಾದ ಹಾಗೆ. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿತ್ತು. ಪೆಟ್ಟು ತಿಂದ ವಿಮಾನವನ್ನು ಅವರು ಪೂರ್ವಕ್ಕೆ, ಭಾರತದ ಕಡೆಗೆ ಓಡಿಸಬಹುದಿತ್ತು. ಹಾಗೆ ಮಾಡದೆ ತಿರುಗಿ ನಿಂತರು. ನೆಲಕ್ಕೆ ಹತ್ತಿರವಾದ ಎತ್ತರದಲ್ಲಿ ನಡೆದ ಆ ಕಾಳಗದಲ್ಲಿ ಅವರ ಗುಂಡುಗಳು ಸ್ಟಾರ್‌ಫೈಟರನ್ನು ಹೊಡೆದವು. ಅಮ್ಜದ್ ಹುಸೇನ್ ವಿಮಾನ ಬಿಟ್ಟು ಧುಮುಕಿ ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ.

ಇದನ್ನು ಇಂದು ನಾವು ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ. ಅಂದು ಆದಂಪುರದಲ್ಲಿ ಯಾರಿಗೂ ಇದರಲ್ಲಿ ಒಂದಕ್ಷರವೂ ತಿಳಿದಿರಲಿಲ್ಲ. ಜೊತೆಗೆ ಹೋದವರು ತಮ್ಮ ತಮ್ಮ ದಾರಿ ಹಿಡಿದು ಮರಳಿದ್ದರು. ಒಬ್ಬರು ಬರಲಿಲ್ಲವೆಂಬುದಷ್ಟೇ ಗೊತ್ತು. ಶತ್ರುವಿನ ಗುಂಡಿಗೆ ಬಿದ್ದರೋ, ಯಂತ್ರ ಕೆಟ್ಟಿತೋ, ದಾರಿ ತಪ್ಪಿತೋ ಹೇಳುವವರಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು. ಪತ್ನಿ ಸುಂದರಿ ದೇವಯ್ಯನವರಿಗೆ ಸರಕಾರದಿಂದ ಬಂದ ಸುದ್ದಿ ಅಷ್ಟೇ. ಇಬ್ಬರು ಎಳೆಯ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಆ ತಾಯಿ ವರ್ಷಗಳನ್ನು ಎಣಿಸಿದರು.

ಈ ತಿಂಗಳ 15ರಂದು ನಮ್ಮ ದೇವಾಲಯಗಳಲ್ಲಿ ವ್ಯಾಕುಲ ಮಾತೆಯ ಸ್ಮರಣೆ ನಡೆಯುತ್ತದೆ. ಮರಿಯಮ್ಮನವರು ಶಿಲುಬೆಯ ಬುಡದಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡರು. ಮಗನ ದೇಹವನ್ನು ಮಡಿಲಿಗೆ ಪಡೆದರು. ಕಾಣೆಯಾದ ಸೈನಿಕನ ಮನೆಯವರಿಗೆ ಆ ಮಡಿಲ ಭಾರವೂ ಸಿಗುವುದಿಲ್ಲ. ಶವಪೆಟ್ಟಿಗೆ ಇಲ್ಲ, ಸಮಾಧಿ ಇಲ್ಲ, ಮರಣದ ಮಾತನ್ನು ಖಚಿತವಾಗಿ ಹೇಳುವ ಒಬ್ಬ ಜೊತೆಗಾರನೂ ಇಲ್ಲ. ಬಾಗಿಲು ಬಡಿದ ಸದ್ದಿಗೆಲ್ಲ ಎದ್ದು ನೋಡುವ ಆ ಬದುಕನ್ನು ಪದಕ ಕೊಡುವ ಸಮಿತಿಗಳು ತೂಗಿ ನೋಡಲಾರವು.

ಹದಿನಾಲ್ಕು ವರ್ಷ ಹೀಗೆ ಹೋಯಿತು. ಸುದ್ದಿ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಬರಹಗಾರರು ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ಅದರ ದೃಷ್ಟಿಯಲ್ಲೇ 1965ರ ವಾಯುಯುದ್ಧದ ಕಥೆ ಬರೆದರು. 1979ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ, ಸೆಪ್ಟೆಂಬರ್ 7ರಂದು ಒಂದು ಸ್ಟಾರ್‌ಫೈಟರ್ ಭಾರತದ ಮಿಸ್ಟೇರ್ ಒಂದರೊಡನೆ ಕಾದಾಡಿ ನೆಲಕ್ಕುರುಳಿತೆಂಬ ಒಪ್ಪಿಗೆ ಇತ್ತು. ಆ ಮಿಸ್ಟೇರ್‌ನ ಪೈಲಟ್ ಯಾರೆಂದು ಬರೆದವರಿಗೆ ತಿಳಿದಿರಲಿಲ್ಲ.

ಭಾರತದ ವಾಯುಪಡೆಯ ಇತಿಹಾಸವನ್ನು ಸಂಗ್ರಹಿಸುತ್ತಿದ್ದ ಅಧಿಕಾರಿಯೊಬ್ಬರ ಕಣ್ಣಿಗೆ ಆ ಪುಟ ಬಿತ್ತು. ವಿಷಯ ಅಂದಿನ ನಾಯಕರಾಗಿದ್ದ ತನೇಜಾ ಅವರಿಗೆ ತಲಪಿತು. ಉತ್ತರ ಹುಡುಕಲು ಅವರು ಬಹಳ ದೂರ ಹೋಗಬೇಕಿರಲಿಲ್ಲ. ಆ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಮರಳದಿದ್ದುದು ಒಂದೇ ಒಂದು. ಮರಳಿದವರಲ್ಲಿ ಯಾರೂ ಸ್ಟಾರ್‌ಫೈಟರ್ ಕೆಡವಿದೆವೆಂದು ಹೇಳಿರಲಿಲ್ಲ. ಉಳಿದದ್ದು ಒಂದೇ ಹೆಸರು. ಆಗ ಬರಲಿಲ್ಲವೆಂದು ಎಣಿಸಿದ್ದ ಆ ಖಾಲಿ ಜಾಗವೇ ಈಗ ಸಾಕ್ಷಿಯಾಯಿತು. ತನೇಜಾ ಅವರು ವಾಯುಪಡೆಯ ಪ್ರಧಾನ ಕಚೇರಿಗೆ ಬರೆದರು. ಕಡತ ತನ್ನ ನಡಿಗೆಯಲ್ಲಿ ನಡೆದು, 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಪದಕವನ್ನು ಸುಂದರಿ ದೇವಯ್ಯನವರು ಸ್ವೀಕರಿಸಿದರು.

ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡುವ ಪಾತ್ರ ಅಮ್ಜದ್ ಹುಸೇನ್ ಅವರದು. ಆ ಬೆಳಗಿನ ಕಾಳಗದಿಂದ ಜೀವಂತವಾಗಿ ಮರಳಿ, ಅದನ್ನು ಹೇಳಬಲ್ಲವರಾಗಿ ಉಳಿದವರು ಅವರೊಬ್ಬರೇ. ಕಮಲಾಪುರದ ಹಿರಿಯರು ಹೇಳಿದ 'ನೋಡಿದವ ಒಬ್ಬ' ಗಡಿಯ ಆಚೆ ಉಳಿದಿದ್ದ. 1971ರ ಯುದ್ಧದಲ್ಲಿ ಅವರ ವಿಮಾನ ಅಮೃತಸರದ ಬಳಿ ನಮ್ಮ ಗುಂಡಿಗೆ ಬಿದ್ದು, ಅವರು ಯುದ್ಧಕೈದಿಯಾಗಿ ನಮ್ಮ ವಶದಲ್ಲೇ ಇದ್ದರು. ಸಾಕ್ಷಿ ಮನೆಯೊಳಗೇ ಬಂದು ಕುಳಿತಿದ್ದಾಗಲೂ ಆ ಹಳೆಯ ಬೆಳಗಿನ ಸಂಗತಿ ಹೊರಬರಲಿಲ್ಲ. ಕೊನೆಗೆ ಅವರ ಕಡೆಯ ದಾಖಲೆಯೇ ನಮ್ಮವರ ಶೌರ್ಯವನ್ನು ಲೋಕಕ್ಕೆ ತಿಳಿಸಿತು. ದೇವಯ್ಯನವರ ದೇಹ ಸಿಕ್ಕಿದ್ದು ಹೊಲದಲ್ಲೆಂದೂ, ಆ ಹಳ್ಳಿಯ ಜನರೇ ಅದನ್ನು ಮಣ್ಣು ಮಾಡಿದರೆಂದೂ ಆ ಕಡೆಯಿಂದಲೇ ಮುಂದೆ ವಿವರ ಬಂದಿತು. ಶತ್ರುದೇಶದ ರೈತರು ತಮ್ಮ ಮೇಲೆ ದಾಳಿಗೆ ಬಂದವನ ದೇಹಕ್ಕೆ ಮಣ್ಣು ಕೊಟ್ಟರು. ಸತ್ತವರನ್ನು ಹೂಳುವುದು ದಯಾಕಾರ್ಯಗಳಲ್ಲಿ ಒಂದೆಂದು ನಾವು ಚಿಕ್ಕಂದಿನಲ್ಲಿ ಜ್ಞಾನೋಪದೇಶದಲ್ಲಿ ಕಲಿತವರಲ್ಲವೆ.

ಹಾಗಾದರೆ ನಿಯಮ ತಪ್ಪೇ? ಸಾಕ್ಷಿ ಕೇಳುವ ಸರಕಾರ ಕಲ್ಲುಮನಸ್ಸಿನದೇ? ಹಾಗೆಂದು ನಾವು ಹೇಳಲಾರೆವು. ಯುದ್ಧ ಮುಗಿದ ಮೇಲೆ ಶೌರ್ಯದ ಕಥೆಗಳಿಗೆ ಎಲ್ಲ ದೇಶಗಳಲ್ಲೂ ಸುಗ್ಗಿ. ಕೇಳಿದವರಿಗೆಲ್ಲ ಪದಕ ಕೊಟ್ಟರೆ ನಿಜವಾಗಿ ಪ್ರಾಣ ಒತ್ತೆಯಿಟ್ಟವನ ಬೆಳ್ಳಿ ತಗಡಾಗಿ ಹೋಗುತ್ತದೆ. ಈ ಕಟ್ಟುನಿಟ್ಟು ಕಥೋಲಿಕರಾದ ನಮಗೆ ಹೊಸದೂ ಅಲ್ಲ. ಒಬ್ಬರನ್ನು ಸಂತರೆಂದು ಘೋಷಿಸುವ ಮೊದಲು ಧರ್ಮಸಭೆ ಎಷ್ಟು ಕಾಗದ, ಎಷ್ಟು ಸಾಕ್ಷ್ಯ ಕೇಳುತ್ತದೆಂಬುದನ್ನು ಬಲ್ಲೆವು. 1983ರ ಸುಧಾರಣೆಯವರೆಗೆ ಆ ಪ್ರಕರಣಗಳಲ್ಲಿ ವಿರುದ್ಧವಾಗಿ ವಾದಿಸಲೆಂದೇ ಒಬ್ಬ ಅಧಿಕಾರಿ ಇರುತ್ತಿದ್ದ. ಜನ ಅವನನ್ನು ಸೈತಾನನ ವಕೀಲನೆಂದು ಕರೆಯುತ್ತಿದ್ದರು. ತಿರುವಾಂಕೂರಿನ ದೇವಸಹಾಯಂ ಅವರು ಗುಂಡಿಗೆ ಬಲಿಯಾದದ್ದು 1752ರಲ್ಲಿ, ಸಂತರೆನಿಸಿದ್ದು 2022ರಲ್ಲಿ. ಅವರಂಥವರನ್ನು ನಾವು ರಕ್ತಸಾಕ್ಷಿ ಎನ್ನುತ್ತೇವೆ. ಗ್ರೀಕ್ ಮೂಲದಲ್ಲೂ ಆ ಮಾತಿಗೆ ಸಾಕ್ಷಿ ಎಂದೇ ಅರ್ಥ. ಆದರೆ ಧರ್ಮಸಭೆ ಇನ್ನೊಂದು ಕೆಲಸವನ್ನೂ ಮಾಡಿದೆ: ಯಾರ ಲೆಕ್ಕಕ್ಕೂ ಸಿಗದೆ ಹೋದವರಿಗಾಗಿ ನವೆಂಬರ್ 1ನ್ನು ಸಕಲ ಸಂತರ ಹಬ್ಬವೆಂದು ತೆಗೆದಿರಿಸಿದೆ.

ನಿಯಮ ಇರಲಿ. ನಮ್ಮ ದೂರು ಬೇರೆ. ಸಾಕ್ಷಿ ತಾನಾಗಿ ನಡೆದು ಬರಲೆಂದು ಕಾಯುವುದಕ್ಕೂ, ಸಾಕ್ಷಿಯನ್ನು ಹುಡುಕಿಕೊಂಡು ಹೋಗುವುದಕ್ಕೂ ಬಹಳ ಅಂತರವಿದೆ. ದೇವಯ್ಯನವರ ವಿಷಯದಲ್ಲಿ ಒಂದು ಗ್ರಂಥ ಬಾರದಿದ್ದರೆ, ಅದನ್ನು ಒಬ್ಬ ಅಧಿಕಾರಿ ಗಮನವಿಟ್ಟು ಓದದಿದ್ದರೆ, ನಿವೃತ್ತರಾದ ನಾಯಕರು ತಮ್ಮ ಸಹಚರನನ್ನು ಮರೆತಿದ್ದರೆ, ಆ ಹೆಸರು ಇಂದಿಗೂ ಕಾಣೆಯಾದವರ ಪಟ್ಟಿಯಲ್ಲೇ ಇರುತ್ತಿತ್ತು. ಮೂರು ಕೊಂಡಿಗಳೂ ಕೂಡಿಬಂದದ್ದು ಭಾಗ್ಯ. ಅಂಥ ಭಾಗ್ಯವಿಲ್ಲದವರು ಎಷ್ಟು ಮಂದಿ ಮಣ್ಣಾಗಿದ್ದಾರೋ.

ಸಾಕ್ಷಿ ಹೇಳುವವನು ಜಾಗೃತನಾಗಿದ್ದರೆ ಏನಾಗುತ್ತದೆಂಬುದಕ್ಕೂ ನಮ್ಮ ನಾಡಿನದೇ ನಿದರ್ಶನವಿದೆ. ದಾವಣಗೆರೆಯ ಕರ್ನಲ್ ಎಂ. ಬಿ. ರವೀಂದ್ರನಾಥ್ ಓದಿದ್ದು ನಮಗೆ ನೆರೆಯ ವಿಜಯಪುರದ ಸೈನಿಕ ಶಾಲೆಯಲ್ಲಿ. 1999ರ ಕಾರ್ಗಿಲ್ ಯುದ್ಧದಲ್ಲಿ ಅವರು ರಾಜಪುತಾನಾ ರೈಫಲ್ಸ್‌ನ ಎರಡನೆಯ ಬೆಟಾಲಿಯನ್ನಿನ ದಂಡನಾಯಕರು. ಅವರಿಗೆ ಮೊದಲು ಹೋದವರು ವಾರಗಟ್ಟಲೆ ಹೋರಾಡಿ, ಬಹಳ ಜನರನ್ನು ಕಳೆದುಕೊಂಡಿದ್ದ ತೋಲೋಲಿಂಗ್ ಶಿಖರವನ್ನು ಜೂನ್ 13ರಂದು ಅವರ ಬೆಟಾಲಿಯನ್ ವಶಪಡಿಸಿಕೊಂಡಿತು. ಆ ಯುದ್ಧದಲ್ಲಿ ಆ ಒಂದೇ ಬೆಟಾಲಿಯನ್ನಿಗೆ ನಾಲ್ಕು ಮಹಾವೀರ ಚಕ್ರಗಳು ಬಂದವು, ಅದರಲ್ಲಿ ಮೂರು ಮರಣೋತ್ತರ. ರವೀಂದ್ರನಾಥ್ ಅವರಿಗೆ ದೊರೆತದ್ದು ವೀರ ಚಕ್ರ, ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ತನ್ನ ಕೈಕೆಳಗಿನವರ ಎದೆಯ ಮೇಲೆ ತನ್ನದಕ್ಕಿಂತ ದೊಡ್ಡ ಪದಕ ಏರಿದ್ದನ್ನು ಕಂಡ ದಂಡನಾಯಕರು ಅವರು. ಇದಕ್ಕಿಂತ ದೊಡ್ಡ ಗೌರವ ಒಬ್ಬ ನಾಯಕನಿಗೆ ಉಂಟೆಂದು ನಮಗೆ ತೋರುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಆ ನಾಲ್ವರಲ್ಲಿ ಒಬ್ಬರು ನಾಗಾಲ್ಯಾಂಡಿನ ಕ್ರೈಸ್ತ ಕುಟುಂಬದ ಕ್ಯಾಪ್ಟನ್ ನೈಕೆಝಾಕುವೊ ಕೆಂಗುರೂಸೆ. ಅವರು ಮೂಲತಃ ಸೈನ್ಯಕ್ಕೆ ಆಹಾರ, ಇಂಧನ, ವಾಹನ ಒದಗಿಸುವ ವಿಭಾಗದವರು. ಈ ಬೆಟಾಲಿಯನ್ನಿಗೆ ಎರವಲಾಗಿ ಬಂದಿದ್ದರು. ಜೂನ್ 28ರ ರಾತ್ರಿ, ಸುಮಾರು 16,000 ಅಡಿ ಎತ್ತರದ ಹಿಮಬಂಡೆಯ ಮೇಲೆ ಬೂಟು ಜಾರುತ್ತಿದ್ದಾಗ ಬೂಟು, ಕಾಲುಚೀಲ ಕಳಚಿ ಬರಿಗಾಲಲ್ಲಿ ಹತ್ತಿ, ಶತ್ರುವಿನ ಬಂಕರನ್ನು ನಾಶಮಾಡಿ, ಅಲ್ಲಿಯೇ ಮಡಿದರು. ಕಳಚಿಟ್ಟ ಆ ಬೂಟುಗಳ ಕಥೆ ಇಂದು ದೇಶಕ್ಕೆಲ್ಲ ಗೊತ್ತು. ಕೆಳಗಿದ್ದ ಜವಾನರು ಕಂಡಿದ್ದರು, ಕಂಡದ್ದನ್ನು ಹೇಳಿದರು, ಹೇಳಿದ್ದನ್ನು ಬರೆಯುವವರಿದ್ದರು. ಅವರ ಪದಕಕ್ಕೆ ಇಪ್ಪತ್ತಮೂರು ವರ್ಷ ಬೇಕಾಗಲಿಲ್ಲ.

ಮಡಿಕೇರಿಯಲ್ಲಿ ಇಂದು ದೇವಯ್ಯನವರ ಹೆಸರಿನ ವೃತ್ತವಿದೆ. 2025ರ ಜನವರಿಯಲ್ಲಿ ಅವರ ಕಥೆಯಿಂದ ಪ್ರೇರಿತವಾದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಲನಚಿತ್ರವೂ ತೆರೆ ಕಂಡಿತು. ಆದರೆ ಅದರಲ್ಲಿ ನಾಯಕನಿಗೆ ಬೇರೆ ಹೆಸರು! ಹೆಸರಿಲ್ಲದೆ ಇಪ್ಪತ್ತಮೂರು ವರ್ಷ ಕಳೆದವರಿಗೆ ಬೆಳ್ಳಿತೆರೆಯ ಮೇಲೂ ಸ್ವಂತ ಹೆಸರು ದಕ್ಕಲಿಲ್ಲ. ಸಿನಿಮಾದವರ ಕಷ್ಟಗಳು ಅವರಿಗೆ ಗೊತ್ತು. ನಮಗಂತೂ ಇದು ಹಿಡಿಸಲಿಲ್ಲ.

ಈಗ ನಮ್ಮ ಮನೆಗಳ ಮಾತು. ಕಲಬುರಗಿ, ಬೀದರ, ಯಾದಗಿರಿ ಭಾಗದ ನಮ್ಮ ಕುಟುಂಬಗಳಲ್ಲಿ ಸೈನ್ಯಕ್ಕೆ ಹೋಗಿ ಬಂದವರಿದ್ದಾರೆ. ಹೋಗಿ ಬಾರದವರೂ ಇರಬಹುದು. ಅವರ ಕಾಗದಗಳೆಲ್ಲಿ? ಮದುವೆಯ ಫೋಟೋಗಳಿಗೆ ಕಟ್ಟು ಹಾಕಿಸುತ್ತೇವೆ. ಅಜ್ಜನ ಬಿಡುಗಡೆಯ ಪುಸ್ತಕ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿರುತ್ತದೆ. ಪಿಂಚಣಿಯ ಸಂಖ್ಯೆ ಗೊತ್ತಿರುತ್ತದೆ, ಯಾವ ರೆಜಿಮೆಂಟಿನಲ್ಲಿದ್ದರೆಂದು ಕೇಳಿದರೆ ಮಕ್ಕಳು ಮುಖ ಮುಖ ನೋಡುತ್ತಾರೆ. ಅವರು ಬದುಕಿರುವಾಗಲೇ ಒಂದು ಸಂಜೆ ಪಕ್ಕದಲ್ಲಿ ಕುಳಿತು, ಎಲ್ಲಿದ್ದರು, ಜೊತೆಗೆ ಯಾರಿದ್ದರು, ಏನು ಕಂಡರು ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಖರ್ಚೇನೂ ಇಲ್ಲ. ಅವರು ತಮ್ಮ ಬಗ್ಗೆ ಹೇಳದಿರಬಹುದು. ಸೈನಿಕರು ಸಾಮಾನ್ಯವಾಗಿ ಹೇಳುವುದಿಲ್ಲ. ಪಕ್ಕದ ಕಂದಕದಲ್ಲಿದ್ದವನ ಬಗ್ಗೆ ಹೇಳುತ್ತಾರೆ. ಬರೆದಿಡಬೇಕಾದದ್ದು ಅದನ್ನೇ; ಇನ್ನೊಂದು ಊರಿನ ಇನ್ನೊಂದು ಮನೆ ಆ ನಾಲ್ಕು ಸಾಲಿಗಾಗಿ ಕಾಯುತ್ತಿರಬಹುದು. ನವೆಂಬರ್ 2ರ ಸಕಲ ಮೃತರ ಸ್ಮರಣೆಯಂದು ದೇವಾಲಯದಲ್ಲಿ ಓದಲು ಕೊಡುವ ಹೆಸರುಗಳ ಚೀಟಿಯಲ್ಲಿ, ರಣರಂಗದಲ್ಲಿ ಮಡಿದವರು ಮನೆತನದಲ್ಲಿದ್ದರೆ ಅವರ ದರ್ಜೆ, ರೆಜಿಮೆಂಟು, ಮಡಿದ ಸ್ಥಳ ಮತ್ತು ವರ್ಷವನ್ನೂ ಸೇರಿಸಿ ಕೊಡಿರೆಂದು ವಾಚಕರಲ್ಲಿ ನಮ್ಮ ವಿನಂತಿ. ಧರ್ಮಕೇಂದ್ರದ ಸ್ವಾಮಿಗಳು ಅವನ್ನು ಒಂದೆಡೆ ದಾಖಲಿಸಿಡಲು ಒಪ್ಪುವರೆಂದು ನಂಬಿದ್ದೇವೆ.

ಕಮಲಾಪುರದ ಆ ಮನೆಯಿಂದ ಹೊರಡುವಾಗ ನಾವು ಹಿರಿಯರನ್ನು ಇನ್ನೊಮ್ಮೆ ಬರುವುದಾಗಿಯೂ, ಬರೆದುಕೊಳ್ಳಲು ಕಾಗದ ತರುವುದಾಗಿಯೂ ಹೇಳಿ ಅನುಮತಿ ಕೇಳಿದೆವು. "ನನ್ನದೇನು ಬರೀತೀರಿ" ಎಂದು ಮೊದಲು ಬೇಡವೆಂದರು. ಮೊಮ್ಮಗ ಪದಕಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬುತ್ತಿದ್ದ. ಅವನನ್ನೇ ಸ್ವಲ್ಪ ಹೊತ್ತು ನೋಡಿ, ತಮ್ಮ ತುಕಡಿಯಲ್ಲಿದ್ದ ಒಬ್ಬನ ಹೆಸರು ಹೇಳಿದರು. "ಬರ್ರಿ. ಅವನದು ಹೇಳ್ತೀನಿ" ಎಂದರು.